ಗಾಜು ಹೆಚ್ಚಿತ್ತು

ನಮ್ಮ ಮನೆಯ ಗೋಡೆಗೆ ಮೊಳೆ ಇಳಿಯುವುದಿಲ್ಲ. ಕ್ಯಾಲೆಂಡರ್ ತೂಗುಹಾಕಲು ಸೊಸೆ ಒಮ್ಮೆ ಐದಾರು ಮೊಳೆ ಬಗ್ಗಿಸಿ, ಕೊನೆಗೆ ಕಿಟಕಿಯ ಸರಳಿಗೇ ದಾರ ಕಟ್ಟಿದಳು. ‘ಹಳೇ ಕಾಲದ ಗಾರೆ ಮಾವ, ಈಗಿನ ಸಿಮೆಂಟು ಇದರ ಮುಂದೆ ಯಾವ ಲೆಕ್ಕ’ ಎಂದಳು. ನಾನು ಹೂಂ ಎಂದೆ. ಆ ಗಾರೆ ನಮ್ಮದಲ್ಲ, ಊರ ಶಾಲೆಯದು ಎಂದು ಹೇಳಲಿಲ್ಲ.

ಈಗ ಹೇಳುತ್ತಿದ್ದೇನೆ. ನಾನು ಹೈಸ್ಕೂಲು ಮುಗಿಸಿ, ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಕ್ಷರ ದುಂಡಗೆ ಬರೆಯುತ್ತೇನೆ ಎಂಬ ಹೆಮ್ಮೆ ಮೊದಲಿನಿಂದಲೂ ಇತ್ತು. ಊರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು. ಆ ಅಕ್ಷರದಿಂದಲೇ ನಾನು ಮಾಡಬಾರದ್ದನ್ನು ಮಾಡಿದೆ.

ನಮ್ಮೂರು ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಅರ್ಧ ಗಂಟೆ ನಡೆಯುವಷ್ಟು ಒಳಗಿದೆ. ನಮ್ಮಪ್ಪ ಕಲ್ಲು ಕಟ್ಟಡದ ಮೇಸ್ತ್ರಿ. ನಾನು ಮಧುಗಿರಿಗೆ ಹೈಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಊರಿನವರೆಲ್ಲ ಸೇರಿ ಶಾಲೆ ಕಟ್ಟಿದರು. ಗಾಡಿ ಇದ್ದವರು ಬೆಟ್ಟದ ಬುಡದಿಂದ ಕಲ್ಲು ಹೊಡೆದರು, ಗಾಡಿ ಇಲ್ಲದವರು ಮೈ ಬಗ್ಗಿಸಿದರು. ಸುಣ್ಣ ಸರ್ಕಾರದಿಂದ ಬಂತು. ಅದನ್ನು ಮರಳಿನ ಜೊತೆ ಅರೆಯಲು ಶಾಲೆಯ ಜಾಗದಲ್ಲೇ ಗಾರೆ ಗಾಣ ಹೂಡಿದರು. ಎತ್ತು ದಿನವಿಡೀ ಸುತ್ತುತ್ತಿದ್ದವು.

ಒಂದು ಸಾಲಿನಲ್ಲಿ ಮೂರು ಕೋಣೆ. ಗೋಡೆ ಎರಡು ಅಡಿ ದಪ್ಪ, ಮೇಲೆ ಕಲ್ಲು ಚಪ್ಪಡಿ. ಅಂಥ ಗೋಡೆಗೆ ಒಳಗೊಂದು ಹೊರಗೊಂದು ಎರಡು ಮುಖ ಕಟ್ಟಿ, ನಡುವಿನ ಹೊಟ್ಟೆಗೆ ಗಾರೆ, ಜಲ್ಲಿ ತುಂಬಬೇಕು. ಎರಡು ಮುಖಗಳನ್ನೂ ಹಿಡಿದಿಡಲು ಅಲ್ಲಲ್ಲಿ ಗೋಡೆಯಷ್ಟೇ ಅಗಲದ ಉದ್ದಗಲ್ಲು ಅಡ್ಡ ಹಾಕಬೇಕು. ನಮ್ಮಪ್ಪ ಹೊಟ್ಟೆಗೆ ಕೆಮ್ಮಣ್ಣು ತುಂಬಿದ. ಸಂದುಗಳಿಗೆ ಮಾತ್ರ ಮೇಲೆ ಗಾರೆ ಬಳಿದ. ಉಳಿದ ಗಾರೆ ಸಂಜೆ ಹೊತ್ತು ಬಾಂಡಲಿಯಲ್ಲಿ ನಮ್ಮ ಮನೆಗೆ ಬಂತು. ಉದ್ದಗಲ್ಲುಗಳು ನಮ್ಮ ಮನೆಯ ಜಗಲಿಯಾದವು. ರಜೆಯಲ್ಲಿ ಆ ಮಣ್ಣಿನ ಮಂಕರಿ ಹೊತ್ತವನು ನಾನೇ. ‘ಇದು ಮಣ್ಣಲ್ವೇನಪ್ಪಾ’ ಎಂದು ಒಂದೇ ಒಂದು ಸಲ ಕೇಳಿದ್ದೆ.

‘ಯಾರ್ಲಾ ಗೋಡೆ ಹೊಟ್ಟೆ ಬಗ್ದು ನೋಡ್ತಾರೆ? ಮುಚ್ಕಂಡು ತತ್ತಾ’ ಎಂದಿದ್ದ.

ಐವತ್ತು ವರ್ಷಕ್ಕೂ ಮೀರಿ ಯಾರೂ ಬಗೆದು ನೋಡಲಿಲ್ಲ. ಮೂರು ತಲೆಮಾರು ಅದರೊಳಗೆ ಮಗ್ಗಿ ಬಾಯಿಪಾಠ ಮಾಡಿತು.

ಕೆಲವು ವರ್ಷಗಳ ಹಿಂದೆ ಶಾಲಾಭಿವೃದ್ಧಿ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಮೊಮ್ಮಗಳು ಅಲ್ಲಿ ಓದುತ್ತಿದ್ದಳು, ನಾನು ಅವಳ ಪೋಷಕ. ಓದುಬರಹ ಬಲ್ಲವನು, ಮನೆಯಲ್ಲಿ ಬಿಡುವಾಗಿರುವವನು ಎಂದು ಎಲ್ಲರೂ ಒಪ್ಪಿದರು. ಆಗಿನ ಹೆಡ್‌ಮೇಡಂ ಪಾವಗಡದ ಆಚೆ, ಆಂಧ್ರದ ಗಡಿಯ ಊರಿನವರು. ಅವರು ನನ್ನನ್ನು ಮೊದಲ ವಾರವೇ ಮೂರನೇ ಕೋಣೆಗೆ ಕರೆದುಕೊಂಡು ಹೋದರು. ಹಿಂದಿನ ಗೋಡೆಯಲ್ಲಿ ಸೂರಿನಿಂದ ಓರೆಯಾಗಿ ಇಳಿದ ಬಿರುಕು. ಅವರು ಕೈಯಲ್ಲಿದ್ದ ಪೆನ್ಸಿಲನ್ನು ಅದರೊಳಗೆ ತೂರಿಸಿದರು. ಪೆನ್ಸಿಲ್ ಅಲ್ಲೇ ನಿಂತಿತು.

‘ಹೋದ ವರ್ಷ ಬ್ಲೇಡು ತೂರ್ತಿರ್ಲಿಲ್ಲ ಯಜಮಾನ್ರೇ. ಅಯ್ಯೋ ದೇವುಡಾ, ಪಿಲ್ಲಲು, ಸಣ್ಣ ಮಕ್ಕಳು ಕೂತಿರ್ತಾರೆ ಇಲ್ಲಿ. ಇದನ್ನ ಕೆಡವಿ ಹೊಸದಾಗಿ ಕಟ್ಟಿಸ್ಲೇಬೇಕು.’

ಪೋಷಕರ ಸಭೆ ಕರೆದರು. ದುರಸ್ತಿಯೋ ಹೊಸ ಕಟ್ಟಡವೋ ಎಂದು ಎರಡು ಗುಂಪಾಯಿತು. ದುರಸ್ತಿ ಸಾಕು ಎಂಬ ಗುಂಪಿಗೆ ನಾನೇ ಮುಂದಾಳು. ಕೆಡವಿದರೆ ಹೊಸದು ಬರುವುದಿಲ್ಲ, ಮಕ್ಕಳು ಕಡಿಮೆ ಎಂದು ಪಕ್ಕದ ಊರಿನ ಶಾಲೆಗೆ ಸೇರಿಸಿಬಿಡುತ್ತಾರೆ, ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತೀರಿ ಎಂದು ಕೇಳಿದೆ. ಅದು ಸುಳ್ಳಲ್ಲ. ಅಂಥದ್ದು ನಮ್ಮ ಸುತ್ತಿನ ಊರುಗಳಲ್ಲಿ ನಡೆದಿತ್ತು. ಆದರೆ ನನ್ನ ಎದೆಯಲ್ಲಿದ್ದದ್ದು ಅದಲ್ಲ. ಜೆಸಿಬಿ ಬಂದು ಗೋಡೆಯ ಹೊಟ್ಟೆ ಬಗೆದರೆ ಊರೆಲ್ಲ ನಿಂತು ಕೆಮ್ಮಣ್ಣು ನೋಡುತ್ತದೆ, ಆಮೇಲೆ ತಿರುಗಿ ನಮ್ಮ ಮನೆ ನೋಡುತ್ತದೆ ಎಂಬ ಭಯ.

ಹಿಂದಿನಿಂದ ಒಬ್ಬ, ‘ಅವ್ರಪ್ಪ ಕಟ್ಟಿದ್ದು ಕಣ್ಲಾ, ಮುದುಕಂಗೆ ಮುರ್ಸಾಕೆ ಮನ್ಸಿಲ್ಲ’ ಎಂದ. ಎಲ್ಲರೂ ನಕ್ಕರು.

ನನಗೆ ರೇಗಿತು. ‘ಹೂಂ ಕಣ್ಲಾ, ನಮ್ಮಪ್ಪನೇ ಕಟ್ಟಿದ್ದು. ಆ ಗ್ವಾಡೆ ಬಿದ್ರೆ ನಂಗೆ ಬ್ಯಾರೆ ಹೆಸ್ರು ಇಕ್ರಿ’ ಎಂದುಬಿಟ್ಟೆ.

ಸಭೆ ತೀರ್ಮಾನವಾಗದೆ ಮುಗಿಯಿತು. ಹೆಡ್‌ಮೇಡಂ ಬಿಡದೆ ಮೇಲಕ್ಕೆ ಬರೆದು ಇಂಜಿನಿಯರನ್ನು ಕರೆಸಿದರು. ಆತ ಚಿಕ್ಕ ವಯಸ್ಸಿನವನು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು, ಮನೆಮಾತು ಬೇರೆ. ಕನ್ನಡವನ್ನು ಪುಸ್ತಕದಲ್ಲಿದ್ದಂತೆ ಮಾತಾಡುತ್ತಿದ್ದ. ಒಳ್ಳೆಯ ಹುಡುಗ. ಏಣಿ ಹಾಕಿಸಿ ಬಿರುಕನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಬೆರಳಗಲದ ಒಂದು ಗಾಜಿನ ಪಟ್ಟಿ ತೆಗೆದ. ಬಿರುಕಿಗೆ ಅಡ್ಡವಾಗಿ ಇಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತಿದ. ಗಾಜಿನ ಮೇಲೆ ಕಪ್ಪು ಪೆನ್ನಿನಲ್ಲಿ ಅಂದಿನ ತಾರೀಕು ಬರೆದ.

‘ಇದು ಸಾಕ್ಷಿ ಇದ್ದ ಹಾಗೆ’ ಎಂದು ನಮಗೆ ವಿವರಿಸಿದ. ‘ಗಾಜು ಎಳೆದರೆ ಹಿಗ್ಗುವುದಿಲ್ಲ. ಬಿರುಕು ಕೂದಲಿನಷ್ಟು ಅಗಲವಾದರೂ ಒಡೆಯುತ್ತದೆ. ಆರು ತಿಂಗಳು ಒಡೆಯದಿದ್ದರೆ ಬಿರುಕು ಹಳೆಯದು, ಗೋಡೆ ನಿಂತಿದೆ, ದುರಸ್ತಿ ಸಾಕು. ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದು ಅರ್ಥ. ಆಗ ಕೆಡವಲೇಬೇಕು.’

ವಾರಕ್ಕೊಮ್ಮೆ ನೋಡಿ ಬರೆದಿಡಲು ಒಂದು ನೋಟ್‌ಬುಕ್ ಕೊಟ್ಟು, ಯಾರು ಬರೆಯುತ್ತೀರಿ ಎಂದು ಕೇಳಿದ. ಹೆಡ್‌ಮೇಡಂಗೆ ನೂರೆಂಟು ಕೆಲಸ. ನಾನು ಬರೆಯುತ್ತೇನೆ ಎಂದೆ.

ಆ ಗೋಡೆಯ ಆಚೆಗೆ ಬಿಸಿಯೂಟದ ಅಡುಗೆ ಕೋಣೆ. ಕೋಣೆ ಎಂದರೆ ಗೋಡೆಗೆ ಒರಗಿಸಿ ಇಳಿಬಿಟ್ಟ ತಗಡಿನ ಮಾಡು. ಅಲ್ಲಿ ಅಡುಗೆ ಮಾಡುತ್ತಿದ್ದವಳು ನಮ್ಮ ಬೀದಿಯ ಹೆಣ್ಣುಮಗಳು, ನನ್ನನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಗಂಡ ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಓದು ಬಾರದು. ಎರಡು ಕೈಗೂ ಮೊಣಕೈವರೆಗೆ ಹಸಿರು ಗಾಜಿನ ಬಳೆ. ಸೌಟು ತಿರುಗಿಸಿದರೆ ಕ್ಲಾಸಿನವರೆಗೂ ಕೇಳಿಸುತ್ತಿತ್ತು. ‘ಸದ್ದು ಕಮ್ಮಿ ಮಾಡಮ್ಮ, ಮಕ್ಳು ಪಾಠ ಬುಟ್ಟು ಬಳೆ ಎಣಿಸ್ತವೆ’ ಎಂದು ನಾನು ರೇಗಿಸಿದರೆ, ‘ಎಣಿಸ್ಲಿ ಬುಡು ದೊಡ್ಡಪ್ಪ, ಲೆಕ್ಕನಾರಾ ಬತ್ತದೆ’ ಎನ್ನುತ್ತಿದ್ದಳು.

ಎರಡು ತಿಂಗಳು ನಾನು ನಿಜವನ್ನೇ ಬರೆದೆ. ‘ಗಾಜು ಸುಸ್ಥಿತಿಯಲ್ಲಿದೆ.’ ಕೆಳಗೆ ರುಜು.

ಒಂದು ಭಾನುವಾರ ಬೀಗ ತೆಗೆದು ಒಳಗೆ ಹೋದಾಗ ಗಾಜಿನ ನಡುವೆ ಸಣ್ಣದೊಂದು ಗೆರೆ ಇತ್ತು. ಜೇಡರ ಎಳೆಯಿರಬಹುದೆಂದು ಬೆಂಚು ಹತ್ತಿ ಬೆರಳಿನಿಂದ ಒರೆಸಿದೆ. ಬೆರಳು ಕೊಯ್ದುಕೊಂಡಿತು.

ಮಕ್ಕಳ ಚೆಂಡು ತಗುಲಿರಬೇಕು ಎಂದುಕೊಂಡೆ. ಅಷ್ಟೆತ್ತರದಲ್ಲಿ, ಮುಚ್ಚಿದ ಕೋಣೆಯಲ್ಲಿ ಚೆಂಡು ಎಲ್ಲಿಂದ ಬರಬೇಕು? ಆದರೂ ಹಾಗೇ ಅಂದುಕೊಂಡೆ. ಮರುದಿನ ಸಿರಾಕ್ಕೆ ಬಸ್ಸು ಹತ್ತಿದೆ. ಮಧುಗಿರಿಯಲ್ಲಿ ಗಾಜು ಕತ್ತರಿಸುವವರಿಲ್ಲವೆಂದಲ್ಲ, ಅಲ್ಲಿ ನನ್ನನ್ನು ಬಲ್ಲವರು ಬಹಳ. ಸಿರಾದಲ್ಲಿ ಫೋಟೋಗೆ ಕಟ್ಟು ಹಾಕುವ ಒಬ್ಬ ಮುದಿ ಸಾಬರ ಅಂಗಡಿಗೆ ಹೋಗಿ ಅಳತೆ ಕೊಟ್ಟೆ, ಮೂರು ಪಟ್ಟಿ ಬೇಕೆಂದೆ.

ಅವರು ಕನ್ನಡಕ ಮೇಲೆತ್ತಿ ನೋಡಿದರು. ‘ಇಷ್ಟು ಪತ್ಲಾ ಫೋಟೋ ಯಾರ್ದು ಸ್ವಾಮಿ? ಹಾವಿಂದಾ?’

ನಾನೂ ನಕ್ಕೆ. ಒಂದಕ್ಕೆ ಮೂರು ಪಟ್ಟಿ ಏಕೆ ಕೇಳಿದೆ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಗೋಡೆ ಮತ್ತೆ ಒಡೆಯುತ್ತದೆಂದು ನನ್ನ ಬಾಯಿಗೆ ಗೊತ್ತಿತ್ತು.

ಮುಂದಿನ ಭಾನುವಾರ ಒಡೆದ ಗಾಜು ಕಿತ್ತು ಹೊಸದನ್ನು ಅಂಟಿಸಿದೆ. ಇಂಜಿನಿಯರ್ ಬರೆದಿದ್ದ ತಾರೀಕನ್ನು ಅವನ ಅಕ್ಷರದಂತೆಯೇ ಬರೆದೆ. ಅವನು ಏಳನ್ನು ನಡುವೆ ಒಂದು ಗೆರೆ ಎಳೆದು ಬರೆಯುತ್ತಿದ್ದ. ನಾನೂ ಎಳೆದೆ. ಹೊಸ ಸಿಮೆಂಟಿಗೆ ಮಸಿ, ಮಣ್ಣು ತಿಕ್ಕಿ ಹಳೆಯದು ಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಗಾಜು ಸುಸ್ಥಿತಿಯಲ್ಲಿದೆ.’

ಎರಡನೆಯದು ಒಡೆದದ್ದನ್ನು ಮೊದಲು ನೋಡಿದವಳು ಅಡುಗೆಯವಳು. ಕಸ ಗುಡಿಸಲು ಹೋದಾಗ ಕಂಡಿತಂತೆ. ನೇರ ನನ್ನ ಜಗಲಿಗೆ ಬಂದಳು.

‘ದೊಡ್ಡಪ್ಪ, ಆ ಗಾಜು ಹೆಚ್ಚೈತೆ.’

ನಮ್ಮ ಕಡೆ ಹೆಣ್ಣುಮಕ್ಕಳು ಬಳೆ ಒಡೆಯಿತು ಎನ್ನುವುದಿಲ್ಲ. ಒಡೆಯುವುದು ಎಂಬ ಮಾತು ಮುತ್ತೈದೆಯ ಬಾಯಲ್ಲಿ ಬರಬಾರದು, ಬಳೆ ಹೆಚ್ಚಿತು ಎನ್ನುತ್ತಾರೆ. ಅವಳಿಗೆ ಗಾಜೆಂದರೆ ಬಳೆಯೇ. ಅದೂ ಮಕ್ಕಳು ಕೂರುವ ಜಾಗದ ಗಾಜು. ಅಲ್ಲಿ ಒಡೆಯಿತು ಎಂದು ಹೇಗೆ ಅಂದಾಳು?

‘ನಾನು ಮೇಲಕ್ಕೆ ಬರೀತೀನಿ ಬುಡಮ್ಮ. ಯಾರ್ಗೂ ಹೇಳಬ್ಯಾಡ, ಮಕ್ಳು ಹೆದ್ರುಕತವೆ’ ಎಂದೆ. ತಲೆಯಾಡಿಸಿ ಹೋದಳು. ಭಾನುವಾರ ಮೂರನೆಯ ಗಾಜು ಅಂಟಿಸಿದೆ. ಸೋಮವಾರ ಅದನ್ನು ನೋಡಿ, ಮೇಲಿನವರು ಬಂದು ಬದಲಿಸಿ ಹೋಗಿದ್ದಾರೆ ಎಂದುಕೊಂಡಳಂತೆ. ಬರೆಯುತ್ತೇನೆ ಎಂದಿದ್ದೆನಲ್ಲ. ನಾನು ಬರೆಯುತ್ತೇನೆ ಎಂದರೆ ಊರಿನಲ್ಲಿ ಅದು ಆದಂತೆಯೇ ಲೆಕ್ಕ.

ಆರು ತಿಂಗಳು ತುಂಬಿ ಇಂಜಿನಿಯರ್ ಬಂದ. ಅಂದು ಹೆಡ್‌ಮೇಡಂ ತರಬೇತಿಗೆಂದು ಮಧುಗಿರಿಗೆ ಹೋಗಿದ್ದರು. ಆತ ಏಣಿ ಹತ್ತಿ ಗಾಜನ್ನು ಉಗುರಿನಿಂದ ಬಡಿದು ನೋಡಿದ, ನೋಟ್‌ಬುಕ್ ತಿರುವಿದ. ‘ನಿಮ್ಮ ಬರಹ ಬಹಳ ಅಂದವಾಗಿದೆ ಸರ್’ ಎಂದ. ಅಡುಗೆಯವಳು ಟೀ ತಂದಳು. ಲೋಟ ಕೊಟ್ಟು ಹಿಂದಕ್ಕೆ ಹೋದವಳು ತಿರುಗಿ ಬಂದಳು.

‘ಸಾ, ಆ ಗಾಜು ಹೆಚ್ಚಿತ್ತು ಸಾ.’

ಇಂಜಿನಿಯರ್ ತಲೆಯೆತ್ತಿದ. ‘ಹೆಚ್ಚಿತ್ತಾ? ಹೆಚ್ಚು ಗಾಜು ಇತ್ತಾ?’

‘ಊ ಸಾ, ಹೆಚ್ಚಿತ್ತು. ನಾನೇ ಕಣ್ಣಾರ ನೋಡ್ದೆ.’

ಆತ ಅರ್ಥವಾಗದೆ ನನ್ನ ಮುಖ ನೋಡಿದ. ಅವಳೂ ನನ್ನ ಮುಖ ನೋಡಿದಳು, ನಾನು ಬಿಡಿಸಿ ಹೇಳುತ್ತೇನೆಂದು. ಟೀ ಬಿಸಿಯಿತ್ತು. ನಾನು ಒಂದು ಗುಟುಕು ಕುಡಿದೆ. ಆ ಗುಟುಕಿನಷ್ಟು ಹೊತ್ತು ನನಗೆ ಸಿಕ್ಕಿತ್ತು.

‘ಏನಿಲ್ಲ ಸಾರ್’ ಎಂದೆ. ‘ಅವತ್ತು ನೀವು ತಂದ ಗಾಜಿನಲ್ಲಿ ಒಂದೆರಡು ತುಂಡು ಹೆಚ್ಚಾಗಿ ಉಳಿದಿತ್ತಲ್ಲ, ಅದನ್ನು ಹೇಳುತ್ತಿದ್ದಾಳೆ. ಪಾಪ, ಜೋಪಾನವಾಗಿ ಎತ್ತಿಟ್ಟಿದ್ದಾಳೆ.’

‘ಓ, ಎಕ್ಸ್‌ಟ್ರಾ ಪೀಸಾ. ಇಟ್ಟುಕೊಳ್ಳಿ ಅಮ್ಮ, ಪರವಾಗಿಲ್ಲ’ ಎಂದು ಆತ ನಕ್ಕ. ಅವಳಿಗೆ ನಮ್ಮ ಮಾತು ಪೂರ್ತಿ ತಿಳಿಯಲಿಲ್ಲ. ಸಾಹೇಬರಿಗೆ ಹೇಳಿಯಾಯಿತು, ಅವರು ಪರವಾಗಿಲ್ಲ ಎಂದರು, ಅಷ್ಟು ತಿಳಿಯಿತು. ಖಾಲಿ ಲೋಟ ತೆಗೆದುಕೊಂಡು ಹೋದಳು.

ದುರಸ್ತಿ ಎಂದು ತೀರ್ಮಾನವಾಯಿತು. ಬಿರುಕು ಕೆತ್ತಿ ಸಿಮೆಂಟ್ ತುಂಬಿದರು, ಗಿಲಾವು ಮಾಡಿದರು. ಶಾಲೆಗೆಲ್ಲ ರೈಲಿನ ಡಬ್ಬಿಯಂತೆ ನೀಲಿ ಬಣ್ಣ ಬಳಿದರು. ಮಕ್ಕಳು ಮೂರನೇ ಕೋಣೆಗೆ ಗಾರ್ಡ್ ಡಬ್ಬಿ ಎಂದು ಹೆಸರಿಟ್ಟವು. ‘ಏನಪ್ಪಾ, ಗ್ವಾಡೆ ನಿಂತ್ಕತು, ನಿನ್ ಹೆಸ್ರೂ ಉಳ್ಕತು’ ಎಂದು ಜನ ನನ್ನನ್ನು ಮಾತಾಡಿಸಿದರು. ನನಗೆ ಸಂತೋಷವೇ ಆಯಿತು. ಅದನ್ನೂ ಬರೆಯಬೇಕು. ಸಂತೋಷವಾಯಿತು.

ಮುಂದಿನ ಮಳೆಗಾಲ ನಮ್ಮ ಕಡೆಗೆ ಅಪರೂಪದ್ದು. ಕೆರೆ ಕೋಡಿ ಬಿತ್ತು. ಮಳೆ ನಿಂತು ಬಿಸಿಲು ಬಂದ ಮೂರನೇ ದಿನ ಬೆಳಗ್ಗೆ, ಮಕ್ಕಳು ಮುಂದಿನ ಅಂಗಳದಲ್ಲಿ ಪ್ರಾರ್ಥನೆಗೆ ಸಾಲು ನಿಂತಿದ್ದಾಗ, ಹಿಂದಿನ ಗೋಡೆ ಹೊರಮಗ್ಗುಲಿಗೆ ಬಿತ್ತು. ಅಡುಗೆಯವಳು ಮಕ್ಕಳಿಗೆ ಕೊಡುವ ಹಾಲು ಕಾಯಿಸುತ್ತಿದ್ದಳು.

ನಾನು ಓಡಿ ಹೋಗುವ ಹೊತ್ತಿಗೆ ಗಂಡಸರು ಕಲ್ಲು ಸರಿಸುತ್ತಿದ್ದರು. ಕೆಮ್ಮಣ್ಣಿನ ಮೇಲೆ ಹಾಲು ಹರಿದಿತ್ತು. ಅವಳ ಬಲಗೈ ಮೊಣಕೈವರೆಗೂ ಒಂದು ದಿಂಡುಗಲ್ಲಿನ ಅಡಿಯಲ್ಲಿತ್ತು. ಪ್ರಜ್ಞೆ ಇತ್ತು. ಗಾಡಿಗೆ ಎತ್ತುವಾಗ ನನ್ನನ್ನು ನೋಡಿ ಕೇಳಿದಳು, ‘ದೊಡ್ಡಪ್ಪ, ನನ್ ಬಳೆ ಹೆಚ್ಚುದ್ವಾ?’

ಕೈ ಉಳಿಯಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಮೊಣಕೈಯಿಂದ ತೆಗೆದರು.

ವಿಚಾರಣೆಗೆ ಬಂದವರು ಗೋಡೆ ಬೀಳಲು ಕಾರಣ ಕೇಳಿದರು. ನೋಟ್‌ಬುಕ್ ನೋಡಿದರು, ಎಲ್ಲ ವಾರವೂ ಗಾಜು ಸುಸ್ಥಿತಿಯಲ್ಲಿತ್ತು. ಅಧ್ಯಕ್ಷರು ಏನು ಹೇಳುತ್ತೀರಿ ಎಂದರು. ಮಣ್ಣು ಇನ್ನೂ ಹಸಿಯಾಗಿತ್ತು, ಆ ಕೆಸರಿನಲ್ಲಿ ಯಾವುದು ಗೋಡೆಯದು ಯಾವುದು ನೆಲದ್ದು ಎಂದು ಯಾರೂ ಗುರುತಿಸಿರಲಿಲ್ಲ. ಅದನ್ನು ನೋಡುತ್ತಲೇ ನನಗೆ ಮಾತು ಸಿಕ್ಕಿತು.

‘ಅಡುಗೆಯವಳು ಪಾತ್ರೆ ತೊಳೆದ ನೀರನ್ನು ದಿನಾ ಗೋಡೆಯ ಬುಡಕ್ಕೇ ಚೆಲ್ಲುತ್ತಿದ್ದಳು. ಎಷ್ಟು ಸಲ ಹೇಳಿದರೂ ಕೇಳಲಿಲ್ಲ.’

ಚೆಲ್ಲುತ್ತಿದ್ದದ್ದು ನಿಜ. ಅಲ್ಲಿ ಚರಂಡಿಯೇ ಇರಲಿಲ್ಲ, ಬೇರೆಲ್ಲಿ ಚೆಲ್ಲುತ್ತಾಳೆ? ನಾನು ಒಂದು ಸಲವೂ ಹೇಳಿರಲಿಲ್ಲ. ಅವರು ಹಾಗೇ ಬರೆದುಕೊಂಡರು. ಒಂದೇ ವಾರದಲ್ಲಿ ನಾನು ಮುಂದೆ ನಿಂತು ಜೆಸಿಬಿ ತರಿಸಿ ಆ ಮಣ್ಣು, ಕಲ್ಲನ್ನೆಲ್ಲ ಕೆರೆ ಏರಿಯ ದಾರಿಗೆ ಹೊಡೆಸಿದೆ. ಊರು ಹೊಗಳಿತು. ಹೆಡ್‌ಮೇಡಂಗೆ ನೋಟಿಸ್ ಬಂತು, ಆಮೇಲೆ ದೂರಕ್ಕೆ ವರ್ಗವಾಯಿತು. ಹೋಗುವ ದಿನ ಅವರು ನನ್ನ ಮನೆಗೆ ಬಂದು, ‘ಯಜಮಾನ್ರೇ, ಗಾಜು ಒಂದು ಸಲನೂ ಒಡೀಲಿಲ್ವಾ?’ ಎಂದು ಮೆಲ್ಲಗೆ ಕೇಳಿದರು. ಇಲ್ಲ ಮೇಡಂ ಎಂದೆ. ಇಂಜಿನಿಯರ್ ಹುಡುಗನೂ ಎಲ್ಲಿಗೋ ಹೋದ. ಅಡುಗೆಗೆ ಬೇರೆಯವರು ಬಂದರು.

ಅವಳು ಮನೆಗೆ ಬಂದ ಮೇಲೆ ನಾನು ಒಂದು ಬದಲಾವಣೆ ನೋಡಿದೆ. ಮುಸುರೆ ನೀರನ್ನು ಎಡಗೈಯಲ್ಲಿ ಬಕೆಟ್ಟಿನಲ್ಲಿ ಎತ್ತಿಕೊಂಡು ರಸ್ತೆ ದಾಟಿ ಹಳ್ಳದವರೆಗೆ ಹೋಗಿ ಚೆಲ್ಲುತ್ತಿದ್ದಳು. ಸ್ನಾನದ ನೀರನ್ನೂ ಹಾಗೇ. ಸೋರಿ ಬೀಳಬಾರದೆಂದು ಅರ್ಧ ಬಕೆಟ್ಟು ಮಾತ್ರ ತುಂಬುತ್ತಿದ್ದಳು, ಹಾಗಾಗಿ ಒಂದು ಹೊತ್ತಿಗೆ ನಾಲ್ಕೈದು ಸಲ. ಯಾರ ಮನೆಯ ಗೋಡೆಯ ಹತ್ತಿರವೂ ಕೈ ತೊಳೆಯುತ್ತಿರಲಿಲ್ಲ. ‘ಮಕ್ಳು ಒಳ್ಗಿದ್ದಿದ್ರೆ? ಎಷ್ಟು ಜನದ ಪಾಪ ನನ್ ತಲೆ ಮ್ಯಾಲೆ ಬರ್ತಿತ್ತು’ ಎಂದು ಬೀದಿಯ ಹೆಂಗಸರ ಹತ್ತಿರ ಹೇಳುತ್ತಿದ್ದಳಂತೆ. ನನ್ನ ಜಗಲಿಯ ಮುಂದೆಯೇ ಹಳ್ಳದ ದಾರಿ. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಅವಳು ನನ್ನ ಮುಂದೆ ಹಾದುಹೋದಳು. ನಾನು ಶಾಲೆಯ ಉದ್ದಗಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನವೂ ಬಾಯಿ ಬಿಡಲಿಲ್ಲ.

ಈ ವರ್ಷ ಉಳಿದ ಎರಡು ಕೋಣೆಗಳಲ್ಲೂ ಬಿರುಕು ಕಾಣಿಸಿತು. ನಾನು ಈಗ ಅಧ್ಯಕ್ಷನಲ್ಲ. ಹೊಸ ಇಂಜಿನಿಯರ್ ಕೊರಟಗೆರೆ ಕಡೆಯ ಹೆಣ್ಣುಮಗಳು. ಹಿರಿಯನೆಂದು ನನ್ನನ್ನೂ ಕರೆದಿದ್ದರು. ಆಕೆ ಹಳೆಯ ವರದಿ ತೆರೆದು ಓದಿ, ‘ಆ ಗೋಡೆ ನೀರಿನಿಂದ ಬಿದ್ದಿದ್ದು ಅಂತ ಐತೆ. ಅದು ನಿಜ ಆದ್ರೆ ಇವಕ್ಕೆ ಭಯ ಇಲ್ಲ, ಇಲ್ಲಿ ನೀರು ನಿಲ್ಲಲ್ಲ. ಬಿರುಕು ಮುಚ್ಚಿ ರಿಪೇರಿ ಮಾಡ್ಬೋದು. ಮುಂದಿನ ವಾರ ಸಭೆ ಮಾಡಿ ಹೇಳಿ’ ಎಂದರು.

‘ಗ್ವಾಡೆ ಗಟ್ಟಿ ಮೇಡಂ, ಹಳೇ ಕಾಲದ್ದು. ಆ ಹೆಂಗ್ಸು ನೀರು ಚೆಲ್ಲಿ ಚೆಲ್ಲಿ ಬೀಳ್ಸುದ್ಲು ಅಷ್ಟೆ’ ಎಂದ ಈಗಿನ ಅಧ್ಯಕ್ಷ. ಸುತ್ತ ನಿಂತವರೆಲ್ಲ ಹೌದೆಂದರು. ನನ್ನ ಸುಳ್ಳು ಊರಿನ ತಿಳಿವಳಿಕೆಯಾಗಿತ್ತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಅವು ಒರಗಿ ಕೂತಿದ್ದ ಗೋಡೆಯ ಹೊಟ್ಟೆಯಲ್ಲಿ ನಾನು ಹೊತ್ತ ಮಣ್ಣೇ ಇತ್ತು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಎಡಗೈಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ‘ಬಾ ದೊಡ್ಡಪ್ಪ’ ಎಂದು ಮಣೆ ಸರಿಸಿದಳು. ನಾನು ಕೂರಲಿಲ್ಲ. ಮಣ್ಣು, ಮೂರು ಗಾಜು, ತಾರೀಕು, ಟೀ ಕುಡಿಯುತ್ತಾ ಇಂಜಿನಿಯರಿಗೆ ಹೇಳಿದ್ದು, ವಿಚಾರಣೆಯಲ್ಲಿ ಹೇಳಿದ್ದು, ಎಲ್ಲವನ್ನೂ ನಿಂತೇ ಹೇಳಿದೆ.

ಅವಳ ಕೈ ನಿಂತಿತು.

‘ಅಂಗಾರೆ ನೀರಲ್ವಾ?’

‘ಅಲ್ಲ ಕಣಮ್ಮ.’

‘ನಾನ್ ಚೆಲ್ಲಿದ್ ನೀರಲ್ವಾ?’

‘ಅಲ್ಲ.’

ಮುಸುರೆ ನೀರಿನ ಬಕೆಟ್ಟನ್ನು ನೋಡಿದಳು. ಆಮೇಲೆ ಎದ್ದು, ಆ ಬಕೆಟ್ಟನ್ನು ಎತ್ತಿ ತನ್ನದೇ ಮನೆಯ ಗೋಡೆಯ ಬುಡಕ್ಕೆ ಸುರಿದಳು. ಇನ್ನೊಂದು ಬಕೆಟ್ಟು ಇತ್ತು, ಅದನ್ನೂ ಸುರಿದಳು. ನನ್ನ ಕಡೆ ತಿರುಗಿದಾಗ ದೊಡ್ಡಪ್ಪ ಎನ್ನಲಿಲ್ಲ.

‘ನಂಗೇಳಿ ಏನಾಗ್ಬೇಕು ಅಧ್ಯಕ್ಷ್ರೇ? ಬರ್ದವ್ರು ನೀವು. ಬರ್ದಿದ್ದ ಜಾಗದಾಗೆ ಹೋಗಿ ಹೇಳಿ.’

ಇಷ್ಟು ವರ್ಷದಲ್ಲಿ ಅವಳು ನನಗೆ ನೀವು ಎಂದದ್ದು ಅದೇ ಮೊದಲು.

ಮರುದಿನ ಸಭೆಯಲ್ಲಿ ಹೇಳಿದೆ. ಮೊದಲು ಯಾರೂ ನಂಬಲಿಲ್ಲ. ‘ಮುದುಕಂಗೆ ತಲೆ ನೆಟ್ಟಗಿಲ್ಲ, ಕೂರ್ಸ್ರಲಾ’ ಎಂದರು. ‘ಒಂದು ಕಲ್ಲು ಕಿತ್ತು ನೋಡಿ ಮೇಡಂ’ ಎಂದು ಇಂಜಿನಿಯರಿಗೆ ಕೈ ಮುಗಿದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿಯ ಕೆಳಗೆ ನಾನು ತೋರಿಸಿದ ಕಡೆ ಹಾರೆ ಹಾಕಿಸಿದರು. ಕಲ್ಲು ಸಲೀಸಾಗಿ ಬಂತು. ಅದರ ಹಿಂದಿನಿಂದ ಒಣಗಿದ ಕೆಮ್ಮಣ್ಣು ಹಿಟ್ಟಿನಂತೆ ಸುರಿಯತೊಡಗಿತು. ಒಂದು ಮಂಕರಿಯಷ್ಟು ಸುರಿಯಿತು.

‘ನಾಳೆಯಿಂದ ಒಬ್ಬ ಮಗೂನೂ ಒಳಗೆ ಕೂರ್ಸ್ಬೇಡಿ’ ಎಂದರು ಇಂಜಿನಿಯರ್. ಎಲ್ಲಿ ಕೂರಿಸುವುದು ಎಂಬ ಮಾತು ಬಂತು. ನಮ್ಮ ಮನೆಯ ಪಡಸಾಲೆ ದೊಡ್ಡದಿದೆ ಎಂದೆ.

‘ನಿನ್ ಮನೆ ಗ್ವಾಡೆ ಒಳ್ಗೆ ಏನು ತುಂಬವ್ನೋ ನಿಮ್ಮಪ್ಪ’ ಎಂದಳು ಒಬ್ಬ ತಾಯಿ. ಉಗಿಯಲು ತಿರುಗಿ, ಶಾಲೆಯೆಂದು ನುಂಗಿಕೊಂಡಳು. ಒಳಗೆ ಶಾಲೆಯ ಗಾರೆಯಿದೆ, ಮೊಳೆ ಇಳಿಯುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಅದನ್ನು ಆಗಲೇ ಸಭೆಯಲ್ಲಿ ಹೇಳಿದ್ದೆ, ಅವಳು ಕೇಳಿಸಿಕೊಂಡೇ ಹಾಗೆಂದಿದ್ದಳು.

ಈಗ ಮಕ್ಕಳು ದೇವಸ್ಥಾನದ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ಕೂರುತ್ತಾರೆ. ಕೆಡವಬೇಕೆಂದು ತೀರ್ಮಾನವಾಗಿದೆ, ಹೊಸದು ಯಾವಾಗ ಎಂದು ಯಾರೂ ಹೇಳುತ್ತಿಲ್ಲ. ಆಗಲೇ ಕೆಲವರು ಟಿ.ಸಿ. ತೆಗೆದುಕೊಂಡು ಹೋದರು. ನಾನು ಅಂದು ಸಭೆಯಲ್ಲಿ ಹೆದರಿಸಿದ್ದಂತೆ ಎರಡು ಹೆಣ್ಣುಮಕ್ಕಳು ಮನೆಯಲ್ಲೇ ಉಳಿದಿವೆ.

ಇಂಜಿನಿಯರ್ ನನ್ನ ಹೇಳಿಕೆ ಬರೆದುಕೊಂಡರು. ನಾನೇ ಬರೆಯುತ್ತೇನೆ ಎಂದರೆ ಬೇಡ ಎಂದರು. ಅಡುಗೆಯವಳ ವಿಷಯ ಬಂದಾಗ ಪೆನ್ನು ನಿಲ್ಲಿಸಿ, ‘ಆಯಮ್ಮ ಸಾಹೇಬ್ರಿಗೆ ಏನಂತ ಹೇಳಿದ್ರು? ಅವರ ಮಾತಲ್ಲೇ ಹೇಳಿ’ ಎಂದರು.

‘ಗಾಜು ಹೆಚ್ಚಿತ್ತು ಸಾ, ಅಂದ್ಲು.’

ಆಕೆ ತಮ್ಮ ಕೈಯ ಬಳೆಯತ್ತ ಒಮ್ಮೆ ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ‘ಗಾಜು ಒಡೆದಿತ್ತೆಂದು ಅಡುಗೆಯವರು ಇಂಜಿನಿಯರಿಗೆ ನೇರವಾಗಿ ತಿಳಿಸಿದ್ದರು. ಅಂದಿನ ಅಧ್ಯಕ್ಷರು ಅದನ್ನು ತಿರುಚಿ ಹೇಳಿದರು’ ಎಂದು ಬರೆದರು. ರುಜು ಮಾಡಿದೆ. ಒಂದು ಪ್ರತಿ ಕೇಳಿ ಪಡೆದೆ.

ಅದನ್ನು ಹಿಡಿದು ಅವಳ ಮನೆಗೆ ಹೋದೆ. ಗಂಡ ಊರಿನಲ್ಲಿರಲಿಲ್ಲ. ಬಾಗಿಲಲ್ಲೇ ನಿಂತಳು, ಮಣೆ ಸರಿಸಲಿಲ್ಲ. ‘ಓದ್ತೀನಿ ಕೇಳಮ್ಮ’ ಎಂದು ಅವಳ ಬಗ್ಗೆ ಬರೆದಿದ್ದ ಸಾಲು ಓದಿದೆ. ಒಡೆದಿತ್ತು ಎಂಬ ಮಾತಿಗೆ ಅವಳ ಹುಬ್ಬು ಗಂಟಿಕ್ಕಿತು. ‘ನಾನ್ ಅಂಗಂದಿರ್ಲಿಲ್ಲ’ ಎಂದಳು.

‘ಅದೇ ಅರ್ಥ ಕಣಮ್ಮ.’

‘ಇನ್ನೊಂದು ಕಿತ ಓದಿ.’

ಓದಿದೆ. ಅವಳು ನನ್ನ ಬಾಯಿಯನ್ನು ನೋಡುತ್ತಿದ್ದಳು, ಆಮೇಲೆ ಕಾಗದವನ್ನು. ಆಮೇಲೆ ಎಡಗೈ ಚಾಚಿ ಕಾಗದ ಇಸಿದುಕೊಂಡಳು.

‘ಇರ್ಲಿ. ನೀವು ಹೊರಡಿ’ ಎಂದಳು. ‘ಬ್ಯಾರೆಯವ್ರ ಕೈಲಿ ಓದುಸ್ಕತೀನಿ.’